ಊರು ಕದಲಲಿಲ್ಲ, ಗಡಿ ಕದಲಿತು



ಈ ಹೊತ್ತು ಸಮಾಜ ಪಾಠದ ಬಗ್ಗೆ ಮಾತಾಡೋಣ. ಸಮಾಜ ಪಾಠ ಎಂದ ಕೂಡಲೇ ರೇಡಿಯೊ ಬಂದ್ ಮಾಡಬೇಡಿ. ಮನೆಯಲ್ಲಿ ಎಂಟು, ಒಂಬತ್ತು, ಹತ್ತನೆಯ ತರಗತಿ ಓದುವ ಮಕ್ಕಳಿದ್ದರೆ ಅವರನ್ನೂ ಕರೆಯಿರಿ. ಸಾಮ್ರಾಜ್ಯ ಅಂದರೇನು? ಜನ ಊರು ಬಿಟ್ಟು ಯಾಕೆ ಹೋಗುತ್ತಾರೆ? ಒಬ್ಬ ಮನುಷ್ಯ ಎಲ್ಲಿಯವನು ಎಂದು ಯಾರು ತೀರ್ಮಾನ ಮಾಡುತ್ತಾರೆ? ಪ್ರೌಢಶಾಲೆಯ ಪುಸ್ತಕಗಳಲ್ಲಿ ಈ ಮೂರು ಪ್ರಶ್ನೆಗಳು ಬೇರೆಬೇರೆ ಪಾಠಗಳಲ್ಲಿ ಚೆದುರಿಕೊಂಡಿವೆ. ನಾವು ಮೂರನ್ನೂ ಒಟ್ಟಿಗೆ ಹಿಡಿದುಕೊಂಡು ಮೂರು ಊರಿಗೆ ಹೋಗೋಣ. ನಾರಾಯಣಪೇಟೆ, ಮಕ್ತಲ್, ಗದ್ವಾಲ.

ಮೊದಲು ದಿಕ್ಕು ಹೇಳಿಬಿಡುತ್ತೇನೆ. ರೇಡಿಯೊದಲ್ಲಿ ನಕಾಶೆ ತೋರಿಸಲು ಬರುವುದಿಲ್ಲ. ರಾಯಚೂರಿನಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿ. ಸ್ವಲ್ಪ ದೂರದಲ್ಲೇ ಶಕ್ತಿನಗರ, ದೇವಸೂಗೂರು. ಅಲ್ಲಿ ಕೃಷ್ಣಾ ನದಿ, ಅದರ ಮೇಲೆ ನಿಜಾಮರ ಕಾಲದ ಸೇತುವೆ. ದಾಟಿದರೆ ತೆಲಂಗಾಣ. ಮೊದಲು ಸಿಗುವುದು ನದಿಯ ಹೆಸರನ್ನೇ ಇಟ್ಟುಕೊಂಡ ಕೃಷ್ಣಾ ಎಂಬ ಊರು. ಸುತ್ತ ಕನ್ನಡ ಮಾತಾಡುವ ಹಳ್ಳಿಗಳು. ಮುಂದೆ ಮಕ್ತಲ್, ಅದರ ಮುಂದೆ ನಾರಾಯಣಪೇಟೆ.

ಈಗ ಪೂರ್ವಕ್ಕೆ ತಿರುಗಿ. ಸುಮಾರು ಅರವತ್ತು ಕಿಲೋಮೀಟರಿಗೆ ಗದ್ವಾಲ. ಈ ದಾರಿಯಲ್ಲಿ ಕೃಷ್ಣೆಯನ್ನು ದಾಟಬೇಕಿಲ್ಲ. ಗದ್ವಾಲವೂ ರಾಯಚೂರಿನ ಹಾಗೆ ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ದೋಆಬಿನಲ್ಲೇ ಇದೆ. 2013ರಿಂದ ರೈಲೂ ಇದೆ. ಕಿಟಕಿಯಲ್ಲಿ ಕೂತರೆ ಹೊಲದ ಹಿಂದೆ ಹೊಲ. ಕರ್ನಾಟಕ ಎಲ್ಲಿ ಮುಗಿಯಿತು ಎಂದು ಮಣ್ಣು ಹೇಳುವುದಿಲ್ಲ. ಸ್ಟೇಷನ್ನಿನ ಬೋರ್ಡು ಬಂದಾಗಲೇ ಗೊತ್ತಾಗುವುದು.

ಆ ಗದ್ವಾಲದಲ್ಲಿ 1940ರಲ್ಲಿ ಹುಟ್ಟಿದ ಒಬ್ಬ ಅಜ್ಜಿ ಇದ್ದಾಳೆ ಎಂದು ಇಟ್ಟುಕೊಳ್ಳಿ. ಹುಟ್ಟಿದ ಓಣಿ ಬಿಟ್ಟು ಎಲ್ಲೂ ಹೋದವಳಲ್ಲ. ಅವಳು ಹುಟ್ಟಿದಾಗ ಊರು ಗದ್ವಾಲ ಸಂಸ್ಥಾನ. ಸೋಮನಾದ್ರಿ ಕಟ್ಟಿಸಿದ ಕೋಟೆ, ಗದ್ದುಗೆಯಲ್ಲಿ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ. ರಾಣಿಯ ಮೇಲೆ ಹೈದರಾಬಾದಿನ ನಿಜಾಮ. ನಿಜಾಮನ ಮೇಲೆ ಇಂಗ್ಲಿಷರು. ಅಜ್ಜಿಗೆ ಏಳು ವರ್ಷವಾದಾಗ ಇಂಗ್ಲಿಷರು ಹೋದರು. ಎಂಟು ವರ್ಷವಾದಾಗ, 1948ರ ಸೆಪ್ಟೆಂಬರಿನಲ್ಲಿ, ಭಾರತದ ಸೈನ್ಯ ಬಂತು, ನಿಜಾಮನ ಆಳ್ವಿಕೆ ಮುಗಿಯಿತು. ಮರುವರ್ಷ ಜಹಗೀರುಗಳು ರದ್ದಾದವು, ಸಂಸ್ಥಾನವೂ ಹೋಯಿತು. ಗದ್ವಾಲ ಈಗ ಹೈದರಾಬಾದ್ ರಾಜ್ಯದ ರಾಯಚೂರು ಜಿಲ್ಲೆಯ ತಾಲ್ಲೂಕು. ಹೌದು, ನಮ್ಮ ರಾಯಚೂರು ಜಿಲ್ಲೆಯದೇ. 1956ರ ನವೆಂಬರ್ 1ಕ್ಕೆ ರಾಜ್ಯಗಳನ್ನು ಭಾಷೆಯ ಮೇಲೆ ಹಂಚಿದರು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಹೋದವು. 2014ರಲ್ಲಿ ರಾಜ್ಯದ ಹೆಸರು ತೆಲಂಗಾಣ. 2016ರಲ್ಲಿ ಜಿಲ್ಲೆಯ ಹೆಸರು ಜೋಗುಳಾಂಬ ಗದ್ವಾಲ.

ಅಜ್ಜಿ ಅದೇ ಓಣಿಯಲ್ಲಿದ್ದಾಳೆ. ಈ ಕಡೆಯ ಹಿರಿಯರನ್ನು ಮಾತಿಗೆಳೆದರೆ, ‘ನಾವೆಲ್ಲೂ ಹೋಗಿಲ್ರೀ, ಸರ್ಕಾರಾನ ಅತ್ತಿಂದಿತ್ತ ಹೋಗ್ಯದ’ ಎನ್ನುವ ಧಾಟಿಯಲ್ಲೇ ಮಾತು ಬರುತ್ತದೆ. ನಾನು ಹೇಳಬೇಕಾದದ್ದೂ ಇದೇ. ಇಲ್ಲಿ ಜನ ಮಾತ್ರ ವಲಸೆ ಹೋಗಲಿಲ್ಲ. ಗಡಿಯೂ ವಲಸೆ ಹೋಯಿತು. ಶಾಲೆಯಲ್ಲಿ ನಾವು ಮೊದಲನೆಯದನ್ನು ಒಂದಿಷ್ಟು ಹೇಳುತ್ತೇವೆ. ಎರಡನೆಯದನ್ನು ಹೇಳುವುದೇ ಇಲ್ಲ.

ಅಜ್ಜಿಯ ಮನೆಯ ಟ್ರಂಕು ತೆಗೆಸಿದರೆ ಅರ್ಧ ಪಾಠ ಅಲ್ಲೇ ಸಿಗುತ್ತದೆ. ತೆಲಂಗಾಣದಲ್ಲಿ ಜಮೀನಿನ ತಕರಾರು ಬಂದರೆ ಇವತ್ತಿಗೂ ಹುಡುಕುವುದು 1954-55ರ ಖಾಸ್ರಾ ಪಹಣಿಯನ್ನು. ಆ ಪಹಣಿ ಬರೆದ ಹೊತ್ತಿಗೆ ಗದ್ವಾಲ ರಾಯಚೂರು ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದಿನ ಕಾಗದಗಳು ಉರ್ದುವಿನಲ್ಲಿ. ಆಮೇಲಿನವು ತೆಲುಗಿನಲ್ಲಿ. ಮನೆಯ ಮಾತು ಕನ್ನಡವೋ ತೆಲುಗೋ, ಎಷ್ಟೋ ಮನೆಗಳಲ್ಲಿ ಎರಡೂ. ಹೊಲ ಒಂದೇ. ಹತ್ತನೆಯ ತರಗತಿಯ ಹುಡುಗನಿಗೆ ‘ನಿಮ್ಮ ಮನೆಯ ಹಳೆಯ ಕಾಗದದಲ್ಲಿ ಎಷ್ಟು ಲಿಪಿ ಇವೆ, ನೋಡಿಕೊಂಡು ಬಾ’ ಎಂದು ಹೇಳಿ ನೋಡಿ. ಮುತ್ತಾತ ಓದಲಾರದ ಭಾಷೆಯಲ್ಲಿ ಮುತ್ತಾತನ ಹೊಲ ದಾಖಲಾಗಿರುವುದು ಅವನ ಕಣ್ಣಿಗೇ ಬೀಳುತ್ತದೆ. ಆಳುವವರು ಯಾರು, ಆಳಿಸಿಕೊಳ್ಳುವವರು ಯಾರು ಎಂದು ಮತ್ತೆ ವಿವರಿಸುವ ಕಷ್ಟ ಮೇಷ್ಟರಿಗೆ ಇರುವುದಿಲ್ಲ.

ಅಜ್ಜಿ ಇದ್ದಲ್ಲೇ ಇದ್ದಳು, ಆಳುವವರು ಬದಲಾದರು. ಈಗ ಆ ಆಳುವವರ ಕಡೆಗೆ ಬರೋಣ.

ಸಾಮ್ರಾಜ್ಯ ಎಂದರೆ ನಮ್ಮ ಮಕ್ಕಳ ತಲೆಯಲ್ಲಿ ಇಂಗ್ಲಿಷರು, ಕೆಂಪು ಕೋಟು, ಹಡಗು. ಗದ್ವಾಲದ ರೈತ ಕೆಂಪು ಕೋಟನ್ನು ನೋಡಿದ್ದು ಕಡಿಮೆ. ಅವನು ಕಂದಾಯ ಕೊಟ್ಟದ್ದು ಸಂಸ್ಥಾನಕ್ಕೆ. ಸಂಸ್ಥಾನ ನಿಜಾಮನಿಗೆ ಪೇಷ್ಕಷ್, ಅಂದರೆ ಕಪ್ಪ, ಕಟ್ಟುತ್ತಿತ್ತು. ನಿಜಾಮ ಇಂಗ್ಲಿಷರು ತನ್ನ ಖರ್ಚಿನಲ್ಲಿ ಇಟ್ಟ ಒಂದು ಸೈನ್ಯಕ್ಕೆ ಪಗಾರ ಕೊಡಬೇಕಿತ್ತು. ಹೈದರಾಬಾದ್ ಕಂಟಿಂಜೆಂಟ್ ಎಂದು ಅದರ ಹೆಸರು. ಪಗಾರ ಬಾಕಿ ಬಿತ್ತು, ಸಾಲ ಏರಿತು. 1853ರಲ್ಲಿ ನಿಜಾಮ ಆ ಬಾಬ್ತಿಗೆ ಬೇರಾರ್, ನಳದುರ್ಗ ಸೀಮೆ ಮತ್ತು ರಾಯಚೂರು ದೋಆಬನ್ನು ಇಂಗ್ಲಿಷರ ಕೈಗೆ ಕೊಟ್ಟ. ಏಳು ವರ್ಷ ದೋಆಬು ಈಸ್ಟ್ ಇಂಡಿಯಾ ಕಂಪನಿಯ, ಆಮೇಲೆ ಇಂಗ್ಲೆಂಡಿನ ರಾಣಿಯ ಅಧಿಕಾರಿಗಳ ಕೈಯಲ್ಲಿತ್ತು. ನಡುವೆ 1857 ಬಂತು. ಪಕ್ಕದ ಸುರಪುರದ ವೆಂಕಟಪ್ಪ ನಾಯಕ ದಂಗೆಯೆದ್ದು 1858ರಲ್ಲಿ ಸತ್ತ. ನಿಜಾಮ ಮಾತ್ರ ಇಂಗ್ಲಿಷರ ಪಕ್ಷ ಬಿಡಲಿಲ್ಲ. 1860ರಲ್ಲಿ ದೋಆಬು ಅವನಿಗೆ ವಾಪಸು ಬಂತು. ಎರಡು ನದಿಯ ನಡುವಿನ ಇಡೀ ಸೀಮೆ ಒಂದು ಸಾಲದ ಲೆಕ್ಕದಲ್ಲಿ ಕೈ ಬದಲಾಯಿಸಿ ಮರಳಿ ಬಂದ ಕಥೆ ಇದು. ಗದ್ವಾಲದಲ್ಲೂ ರಾಯಚೂರಿನಲ್ಲೂ ಇದನ್ನು ಒಂದು ಇಡೀ ಪೀರಿಯಡ್ ಹೇಳಬೇಕು ಎಂಬುದು ನನ್ನ ಆಗ್ರಹ. ಪ್ಲಾಸಿ ಕದನದ ತಾರೀಖು ಬಾಯಿಪಾಠವಿರುವ ಮಕ್ಕಳಿಗೆ ಇದು ಗೊತ್ತಿಲ್ಲ.

ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಬೇಸರವಾದೀತು. ಆಗಲಿ. ಗದ್ವಾಲದಿಂದ ಆಲಂಪುರ ದೂರವಿಲ್ಲ. ಅಲ್ಲಿ ಬಾದಾಮಿ ಚಾಲುಕ್ಯರ ಕಾಲದ ನವಬ್ರಹ್ಮ ದೇವಾಲಯಗಳಿವೆ. ನಮ್ಮ ಕಡೆಯ ಶಾಲೆಯ ಟೂರು ಹೋದಾಗ ಮೇಷ್ಟರ ಎದೆ ಉಬ್ಬುತ್ತದೆ. ‘ನೋಡ್ರಿ, ನಮ್ಮ ಸಾಮ್ರಾಜ್ಯ ಇಲ್ಲೀತನಕ ಇತ್ತು.’ ನಮ್ಮದಾದರೆ ಸಾಮ್ರಾಜ್ಯ, ಪರರದ್ದಾದರೆ ಆಕ್ರಮಣ. ಈ ತಕ್ಕಡಿ ಮಕ್ಕಳ ಕೈಗೆ ಹೋಗಬಾರದು. ಚಾಲುಕ್ಯರಿಗೆ ತೆರಿಗೆ ಕೊಟ್ಟವರು ಯಾರು, ಗುಡಿಗೆ ಕಲ್ಲು ಹೊತ್ತವರು ಯಾರು ಎಂದು ಅಲ್ಲೂ ಕೇಳಿಸಬೇಕು. ಅದೇ ಆಲಂಪುರದಲ್ಲಿ ಕೂಡವೆಲ್ಲಿಯ ಸಂಗಮೇಶ್ವರ ಗುಡಿಯೂ ಇದೆ. ಶ್ರೀಶೈಲ ಅಣೆಕಟ್ಟಿನ ನೀರಿಗೆ ಮುಳುಗುತ್ತದೆಂದು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಇಲ್ಲಿ ಕಟ್ಟಿದರು. ದೇವರ ಮನೆಯನ್ನು ಇಷ್ಟು ಜತನದಿಂದ ಎತ್ತಿ ತಂದರಲ್ಲ, ಅದೇ ನೀರಿಗೆ ಸಿಕ್ಕ ಮನುಷ್ಯರ ಮನೆಗಳು ಏನಾದವು? ಇದನ್ನು ಕೇಳುವ ಒಬ್ಬ ಹುಡುಗಿ ತರಗತಿಯಲ್ಲಿದ್ದರೆ ಸಾಕು, ಆ ಟೂರಿನ ದುಡ್ಡು ದಂಡವಾಗಲಿಲ್ಲ.

ಗಡಿ ನೋಡಿದೆವು, ಆಳಿದವರನ್ನು ನೋಡಿದೆವು. ಈಗ ಜನರ ವಲಸೆ. ಇಲ್ಲಿ ಸ್ವಲ್ಪ ನಿಧಾನ ಹೋಗುತ್ತೇನೆ.

ನಾರಾಯಣಪೇಟೆ ಸೀರೆ ನಿಮಗೆಲ್ಲ ಗೊತ್ತು. ಚೌಕಡಿ ಒಡಲು, ಗಾಢ ಬಣ್ಣದ ಅಂಚು, ನೋಡಿದರೆ ಮಹಾರಾಷ್ಟ್ರದ ಸೀರೆಯ ಹತ್ತಿರದ ಸಂಬಂಧಿ. ಅದಕ್ಕೊಂದು ಕಥೆ ಹೇಳುತ್ತಾರೆ. ಶಿವಾಜಿ ಮಹಾರಾಜರು 1630ರಲ್ಲಿ ಈ ದಾರಿಯಲ್ಲಿ ಬಂದು ತಂಗಿದ್ದರಂತೆ. ಅವರು ಮುಂದೆ ಹೋದರೂ ಜೊತೆಗಿದ್ದ ಕೆಲವು ನೇಕಾರರು ಇಲ್ಲೇ ಉಳಿದರಂತೆ. ಸೀರೆಯ ಅಂಗಡಿಯಲ್ಲೂ ಪತ್ರಿಕೆಯಲ್ಲೂ ಈ ಕಥೆ ಓಡಾಡುತ್ತದೆ. ಒಂದೇ ತೊಡಕು. ಶಿವಾಜಿ ಹುಟ್ಟಿದ್ದೇ 1630ರಲ್ಲಿ, ಶಿವನೇರಿ ಕೋಟೆಯಲ್ಲಿ!

ಇಲ್ಲಿಗೆ ಪಾಠ ಮುಗಿಸಿ, ‘ಇದು ಸುಳ್ಳು ಕಥೆ’ ಎಂದು ಡಸ್ಟರ್ ಎತ್ತಿಕೊಂಡರೆ ಮೇಷ್ಟರು ಕೆಲಸ ಕೆಡಿಸಿದರು ಎಂದೇ ಅರ್ಥ. ಪಾಠ ಶುರುವಾಗುವುದೇ ಇಲ್ಲಿಂದ. ಮಕ್ಕಳು ಹುಡುಕಲಿ. ಶಿವಾಜಿ ಈ ಕಡೆ ಬಂದದ್ದು ಯಾವಾಗ? 1677ರಲ್ಲಿ. ಗೋಲ್ಕೊಂಡದ ಅಬುಲ್ ಹಸನ್ ಕುತುಬ್ ಶಾಹನನ್ನು ಹೈದರಾಬಾದಿನಲ್ಲಿ ಕಂಡು, ಕೃಷ್ಣೆ ದಾಟಿ ದಕ್ಷಿಣಕ್ಕೆ ಇಳಿದದ್ದು ಆಗ. ಹಾಗಾದರೆ 1630 ಎಲ್ಲಿಂದ ಬಂತು? ಆ ವರ್ಷದಿಂದ ಎರಡು ವರ್ಷ ದಖ್ಖನ್ನಿನಲ್ಲೂ ಗುಜರಾತಿನಲ್ಲೂ ಭಯಂಕರ ಬರ ಬಿದ್ದಿತ್ತು. ಊರಿಗೆ ಊರು ಖಾಲಿಯಾದವು, ಮಗ್ಗಗಳು ನಿಂತವು. ಬರಕ್ಕೆ ಹೆದರಿ ಗುಳೆ ಎದ್ದು ಬಂದ ನೇಕಾರರ ನೆನಪು ಆಮೇಲೆ ಒಬ್ಬ ದೊಡ್ಡ ರಾಜನ ಹೆಸರಿಗೆ ಅಂಟಿಕೊಂಡಿತೇ? ಇದು ನನ್ನ ಊಹೆ, ಇತಿಹಾಸವೆಂದು ಬರೆದುಕೊಳ್ಳಬೇಡಿ. ಆದರೆ ಹೊಟ್ಟೆಗಿಲ್ಲದೆ ಬಂದೆವು ಎನ್ನುವುದಕ್ಕಿಂತ ಮಹಾರಾಜರ ಜೊತೆ ಬಂದೆವು ಎನ್ನುವುದು ಯಾರಿಗಾದರೂ ಹಿತ. ವಲಸೆ ಬಂದವರು ಎಲ್ಲೆಡೆಯೂ ಹೀಗೇ ತಮ್ಮ ಬರವಿಗೊಂದು ಘನತೆಯ ಕಥೆ ಕಟ್ಟಿಕೊಳ್ಳುತ್ತಾರೆ. ಯಾಕೆ ಎಂದು ಹದಿನಾಲ್ಕು ವರ್ಷದ ಮಕ್ಕಳು ಚೆನ್ನಾಗಿಯೇ ಹೇಳಬಲ್ಲರು.

ಇದು ಬಂದವರ ಕಥೆ. ಹೋದವರದು ಇನ್ನೂ ದೊಡ್ಡದು. ಮಹಬೂಬನಗರಕ್ಕೆ ಪಾಲಮೂರು ಎಂದೂ ಹೆಸರು. ದೇಶದಲ್ಲಿ ಅಣೆಕಟ್ಟು, ಕಾಲುವೆ, ರಸ್ತೆ ಎಲ್ಲಿ ಕಟ್ಟಲಿ, ‘ಪಾಲಮೂರು ಲೇಬರ್’ ಅಲ್ಲಿ ಇರುತ್ತಿತ್ತು. ಗುಂಪು ಮೇಸ್ತ್ರಿ ಹಬ್ಬದ ಮುಂದೆ ಬಂದು ಮುಂಗಡ ಕೊಡುತ್ತಿದ್ದ. ಆ ಮುಂಗಡ ತೀರುವವರೆಗೆ ಗಂಡ ಹೆಂಡತಿ ಇಬ್ಬರೂ ಅವನ ಲೆಕ್ಕದಲ್ಲಿ. ಮುಂಬಯಿಯ ಕಾಮಾಠಿಪುರ ಎಂಬ ಹೆಸರು ಬಂದದ್ದು ಕಟ್ಟಡ ಕಟ್ಟಲು ನಿಜಾಮರ ಸೀಮೆಯಿಂದ ಹೋದ ಕಾಮಾಠಿ ಕೂಲಿಗಳಿಂದ. 1993ರ ಸುಮಾರಿಗೆ ಮಹಬೂಬನಗರದಿಂದ ಮುಂಬಯಿಗೆ ವಾರಕ್ಕೊಂದು ಸರ್ಕಾರಿ ಬಸ್ಸು. ಹತ್ತು ವರ್ಷದಲ್ಲಿ ಅದು ವಾರಕ್ಕೆ ಮೂವತ್ತಕ್ಕೂ ಹೆಚ್ಚಾಯಿತು ಎಂದು ಪತ್ರಕರ್ತ ಪಿ. ಸಾಯಿನಾಥ್ 2003ರಲ್ಲಿ ಬರೆದರು. ಬಸ್ಸಿನ ವೇಳಾಪಟ್ಟಿಯೇ ಬರಗಾಲದ ದಾಖಲೆ.

ತೆಲಂಗಾಣದ ಹತ್ತನೆಯ ತರಗತಿಯ ಪುಸ್ತಕದಲ್ಲಿ ಜನರ ವಲಸೆಯ ಮೇಲೇ ಒಂದು ಪಾಠವಿದೆ. ಒಳ್ಳೆಯ ಪಾಠ. ಮಹಾರಾಷ್ಟ್ರದಲ್ಲಿ ಕಬ್ಬು ಕಡಿಯಲು ಹೋಗುವವರ ಬದುಕನ್ನು ಮನಮುಟ್ಟುವಂತೆ ಹೇಳುತ್ತದೆ. ಅದನ್ನು ಓದುವ ಗದ್ವಾಲದ ಹುಡುಗಿ ತಲೆಯೆತ್ತಿ ಹೊರಗೆ ನೋಡಿದರೆ ಹತ್ತಿ ಬೀಜದ ಹೊಲ. ಗದ್ವಾಲ ಹೈಬ್ರಿಡ್ ಹತ್ತಿ ಬೀಜಕ್ಕೆ ಹೆಸರಾದ ಸೀಮೆ. ಮಳೆಗಾಲದ ಕೊನೆಗೆ ಅಲ್ಲಿ ಕ್ರಾಸಿಂಗ್ ಕೆಲಸ. ಗಿಡದ ಮುಂದೆ ಬಗ್ಗಿ ನಿಂತು, ನಾಳೆ ಅರಳುವ ಮೊಗ್ಗನ್ನು ಸಂಜೆಯೇ ಗುರುತಿಸಬೇಕು. ಉಗುರಿನಿಂದ ಅದರ ಗಂಡು ಭಾಗ ಸುಲಿದು ತೆಗೆಯಬೇಕು, ಒಳಗಿನ ಕಡ್ಡಿ ಮುರಿಯಬಾರದು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವನ್ನು ತಂದು ಅದಕ್ಕೆ ಸವರಬೇಕು. ಒಂದೊಂದೇ ಹೂವು, ಹೊಲದ ತುಂಬ. ಸಣ್ಣ ಕೈ, ಗಿಡದ ಎತ್ತರದ ಮೈ, ಮಕ್ಕಳನ್ನು ಕರೆಯುವುದು ಇದಕ್ಕೇ. ಬೆಳಗಿನ ಕೆಲಸ, ಸಂಜೆಯ ಕೆಲಸ, ನಡುವೆ ಶಾಲೆಯ ಗಂಟೆ. ಹೊರಗಿನ ಕೂಲಿಗಳೂ ಬರುತ್ತಾರೆ, ನಮ್ಮ ರಾಯಚೂರಿನ ಹಳ್ಳಿಗಳಿಂದಲೂ. ಮಕ್ತಲ್ ಕಡೆಯವರು ದುಡಿಯಲು ಮುಂಬಯಿ, ಬೆಂಗಳೂರಿಗೆ ಹೋಗುತ್ತಾರೆ, ರಾಯಚೂರು ಕಡೆಯವರು ಗದ್ವಾಲಕ್ಕೆ ಬರುತ್ತಾರೆ. ವಲಸೆಯ ಪಾಠದ ದಿನ ಯಾವ ಬೆಂಚು ಖಾಲಿ ಇದೆ ಎಂದು ಹಾಜರಿ ಪುಸ್ತಕ ತೆಗೆದು ಮಕ್ಕಳೊಂದಿಗೆ ಲೆಕ್ಕ ಹಾಕಿದರೆ ಆ ಪಾಠಕ್ಕೆ ಬೇರೆ ಚಿತ್ರ ಬೇಕಿಲ್ಲ.

ಹೇಳಲು ಕಷ್ಟವಾದ ವಲಸೆಯೂ ಒಂದಿದೆ. 1947-48ರಲ್ಲಿ ನಿಜಾಮನ ಪರವಾಗಿ ನಿಂತ ರಜಾಕಾರರ ಹಾವಳಿಗೆ ಅಂಜಿ ಹೈದರಾಬಾದ್ ಸೀಮೆಯ ಸಾವಿರಾರು ಜನ ಗಡಿ ದಾಟಿದರು. ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳ ಶಿಬಿರವಿತ್ತು. ಇದನ್ನು ನಮ್ಮ ಶಾಲೆಗಳಲ್ಲಿ ಹೇಳುತ್ತೇವೆ, ಹೇಳಲೇಬೇಕು. ಭಾರತದ ಸೈನ್ಯ ಬಂದ ಆ ‘ಪೊಲೀಸ್ ಕಾರ್ಯಾಚರಣೆ’ಯ ನಂತರ ಗುಲ್ಬರ್ಗಾ, ಬೀದರ್, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ಮುಸ್ಲಿಮರ ಮೇಲೆ ಹಿಂಸೆ ನಡೆಯಿತು, ಅವರೂ ಮನೆ ಬಿಟ್ಟು ಓಡಿದರು. ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಸಮಿತಿಯನ್ನು ಕಳಿಸಿತು, ಅದರ ವರದಿ ದಶಕಗಳ ಕಾಲ ಬೆಳಕಿಗೆ ಬರಲಿಲ್ಲ. ಇದನ್ನು ಮಾತ್ರ ಹೇಳುವುದಿಲ್ಲ. ಒಂದೇ ಬೆಂಚಿನಲ್ಲಿ ಎರಡೂ ಮನೆಯ ಮಕ್ಕಳು ಕೂತಿರುತ್ತಾರೆ. ಒಬ್ಬರ ಅಜ್ಜನ ಓಟ ಪುಸ್ತಕದಲ್ಲಿದೆ, ಇನ್ನೊಬ್ಬರದು ಇಲ್ಲ.

ಹೀಗೆ ಜನ ಬಂದರು, ಹೋದರು, ಓಡಿದರು. ಉಳಿದದ್ದು ಮೂರನೆಯ ಪ್ರಶ್ನೆ. ಯಾರು ಎಲ್ಲಿಯವರು?

ಈ ಪ್ರಶ್ನೆ ನಮ್ಮಲ್ಲಿ ಮಾತ್ರ ಎದ್ದದ್ದಲ್ಲ. 1948ರ ಜೂನಿನಲ್ಲಿ ಎಂಪೈರ್ ವಿಂಡ್‌ರಶ್ ಎಂಬ ಹಡಗು ಇಂಗ್ಲೆಂಡಿಗೆ ಬಂತು. ಅದರಲ್ಲಿ ಸುಮಾರು ಸಾವಿರ ಜನ. ಹೆಚ್ಚಿನವರು ಜಮೈಕಾ ಮುಂತಾದ ವಸಾಹತುಗಳಿಂದ ಕೆಲಸಕ್ಕೆ ಬಂದವರು. ಆ ಬಳಿಕ ಇನ್ನೂ ಸಾವಿರಾರು ಜನ ಹಾಗೆ ಬಂದರು. ಅವರೊಂದಿಗೆ ಮಕ್ಕಳಾಗಿ ಬಂದು ಅಲ್ಲೇ ಮುದುಕರಾದ ಎಷ್ಟೋ ಮಂದಿಯನ್ನು ‘ನೀವು ಇಲ್ಲಿಯವರೆನ್ನಲು ಕಾಗದ ತೋರಿಸಿ’ ಎಂದು ಸತಾಯಿಸಿದ್ದು 2018ರಲ್ಲಿ ದೊಡ್ಡ ಹಗರಣವಾಯಿತು. ಸಾಮ್ರಾಜ್ಯ, ವಲಸೆ, ನೆಲೆ, ಇವನ್ನು ಪ್ರೌಢಶಾಲೆಯಲ್ಲಿ ಒಟ್ಟಿಗೆ ಕಲಿಸಿ, ಶಿಕ್ಷಕರಿಗೆ ತರಬೇತಿ ಕೊಡಿ ಎಂದು ರನ್ನಿಮೀಡ್ ಟ್ರಸ್ಟ್ ಎಂಬ ಸಂಸ್ಥೆ ಮರುವರ್ಷ ಅಲ್ಲಿ ವರದಿ ಮಾಡಿತು. ಅವರಿಗೆ ಎಪ್ಪತ್ತು ವರ್ಷ ಬೇಕಾಯಿತು. ನಮ್ಮ ಸೀಮೆಗೆ ಕಾಗದದ ಪಾಠ ಅದಕ್ಕಿಂತ ಹಳೆಯದು. 1919ರಲ್ಲೇ ನಿಜಾಮರ ಮುಲ್ಕಿ ನಿಯಮ ಬಂದಿತ್ತು. ಸರ್ಕಾರಿ ನೌಕರಿಗೆ ನೀವು ಮುಲ್ಕಿ, ಅಂದರೆ ಈ ನಾಡಿನವರು, ಆಗಿರಬೇಕು, ಹೊರಗಿನಿಂದ ಬಂದವರಾದರೆ ಹದಿನೈದು ವರ್ಷ ಇಲ್ಲಿ ನೆಲೆಸಿರಬೇಕು. ಅದೇ ಪ್ರಶ್ನೆಯ ಮೇಲೆ 1952ರಲ್ಲಿ ಹೈದರಾಬಾದಿನಲ್ಲಿ ಗೋಲಿಬಾರ್ ಆಯಿತು, 1969ರಲ್ಲಿ ತೆಲಂಗಾಣ ಹೊತ್ತಿ ಉರಿಯಿತು.

ಇವತ್ತಿನ ಲೆಕ್ಕ ನೋಡಿ. ತೆಲಂಗಾಣದಲ್ಲಿ ನೌಕರಿಗೆ ‘ಸ್ಥಳೀಯ’ ಯಾರು ಎಂಬುದು 2018ರ ರಾಷ್ಟ್ರಪತಿ ಆದೇಶದ ಪ್ರಕಾರ ಒಂದರಿಂದ ಏಳನೆಯ ತರಗತಿಯವರೆಗೆ ಎಲ್ಲಿ ಓದಿದಿರಿ ಎಂಬುದನ್ನು ಹಿಡಿದು ತೀರ್ಮಾನವಾಗುತ್ತದೆ. ಈಗ ಕೃಷ್ಣಾ ಊರಿನ ಒಬ್ಬ ಕನ್ನಡದ ಹುಡುಗಿಯನ್ನು ಊಹಿಸಿ. ಮನೆಯ ಮಾತಿನಲ್ಲಿ ಓದಲಿ ಎಂದು ಅಪ್ಪ ಅವಳನ್ನು ಸೇತುವೆ ದಾಟಿಸಿ ಶಕ್ತಿನಗರದ ಶಾಲೆಗೆ ಹಾಕುತ್ತಾನೆ. ಏಳನೆಯ ತರಗತಿ ಅಲ್ಲೇ ಮುಗಿದರೆ ಹುಟ್ಟಿದ ಊರಿನಲ್ಲಿ ಅವಳು ಸ್ಥಳೀಯಳಲ್ಲ. ಕರ್ನಾಟಕದಲ್ಲಿ ನಮಗೆ ಸಂವಿಧಾನದ 371ಜೆ ವಿಧಿಯ ಸ್ಥಳೀಯ ಮೀಸಲಾತಿ ಇದೆ. ಅದಕ್ಕೆ ಇಲ್ಲೇ ಹುಟ್ಟಿರಬೇಕು, ಇಲ್ಲವೇ ಇಲ್ಲಿ ವರ್ಷಗಟ್ಟಲೆ ವಾಸವಿದ್ದವರ ಪೈಕಿ ಆಗಿರಬೇಕು. ಅಲ್ಲೂ ಅವಳು ಹೊರಗೆ. ಊರಿನಲ್ಲೇ ಓದಿದರೆ 2018ರ ಕಾಯ್ದೆಯಂತೆ ತೆಲುಗು ಕಡ್ಡಾಯ. ಇದನ್ನು ಕೇಳಿ ನಮ್ಮವರು ಹುಬ್ಬು ಗಂಟಿಕ್ಕುತ್ತಾರೆ. 2015ರಲ್ಲಿ ನಾವೂ ಕನ್ನಡ ಕಲಿಕೆಯ ಕಾಯ್ದೆ ತಂದಿದ್ದೇವೆ, ರಾಯಚೂರಿನ ತೆಲುಗು ಮನೆಯ ಹುಡುಗನಿಗೂ ಅದು ಅನ್ವಯ. ಎರಡು ಕಾಯ್ದೆಗಳನ್ನೂ ಒಂದರ ಪಕ್ಕ ಒಂದಿಟ್ಟು ಓದಿಸಿ. ಎರಡರಲ್ಲಿ ಒಂದನ್ನು ಮಾತ್ರ ಅನ್ಯಾಯ ಎನ್ನುವುದು ಮಕ್ಕಳಿಗೆ ಕಷ್ಟವಾಗುತ್ತದೆ.

ದೊಡ್ಡವರಿಗೂ ಗಡಿ ನೆಟ್ಟಗೆ ನಿಂತಿಲ್ಲ. ರಾಯಚೂರನ್ನು ತೆಲಂಗಾಣಕ್ಕೆ ಸೇರಿಸಿ ಎಂಬ ಮಾತು 2021ರಲ್ಲಿ ನಮ್ಮ ಕಡೆಯ ವೇದಿಕೆಯಿಂದಲೇ ಬಂತು. ಗದ್ದಲವಾಯಿತು. ಸೌಲತ್ತು ಎಲ್ಲಿ ಹೆಚ್ಚೋ ಮನಸ್ಸು ಅಲ್ಲಿಗೆ ಹರಿಯುತ್ತದೆ. ಇದನ್ನೂ ತರಗತಿಗೆ ತರಬಹುದು, ಜಗಳಕ್ಕೆ ಹೆದರದ ಮೇಷ್ಟರಿದ್ದರೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಕೆಲಸ ಸೂಚಿಸುತ್ತೇನೆ. ಸೆಪ್ಟೆಂಬರ್ 17. ಸೇತುವೆಯ ಈಚೆ ಅದು ಕಲ್ಯಾಣ ಕರ್ನಾಟಕ ವಿಮೋಚನಾ ದಿನ, ಕೆಲವು ವರ್ಷದ ಹಿಂದೆ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ. ಸೇತುವೆಯ ಆಚೆ ರಾಜ್ಯ ಸರ್ಕಾರ 2022ರಲ್ಲಿ ಅದನ್ನು ಜಾತೀಯ ಸಮೈಕ್ಯತಾ ದಿನ ಎಂದಿತು, 2024ರಲ್ಲಿ ಪ್ರಜಾಪಾಲನಾ ದಿನೋತ್ಸವ ಎಂದಿತು. ಕೇಂದ್ರ ಸರ್ಕಾರ ಅದನ್ನೇ ಹೈದರಾಬಾದ್ ವಿಮೋಚನಾ ದಿನ ಎಂದು ಆಚರಿಸುತ್ತದೆ. ಎರಡೂ ಕಡೆ ಮಕ್ಕಳು ಬೆಳಿಗ್ಗೆ ಸಾಲಾಗಿ ನಿಂತು ಒಂದೇ ಧ್ವಜಕ್ಕೆ ಸೆಲ್ಯೂಟ್ ಹೊಡೆಯುತ್ತಾರೆ. ನಡುವೆ ಇರುವುದು ಒಂದು ನದಿ. ಧ್ವಜ ಏರಿಸಿದ ಮೇಲೆ ಶಕ್ತಿನಗರದ ಒಂದು ಶಾಲೆಯ ಒಂಬತ್ತನೆಯ ತರಗತಿಯನ್ನೂ ಕೃಷ್ಣಾ ಊರಿನ ಒಂಬತ್ತನೆಯ ತರಗತಿಯನ್ನೂ ಒಂದು ಕೋಣೆಯಲ್ಲಿ ಕೂಡಿಸಬಹುದಲ್ಲ? ಕನ್ನಡ, ತೆಲುಗು, ಉರ್ದು, ಯಾವುದರಲ್ಲಾದರೂ ಮಾತಾಡಲಿ, ಆ ಕಡೆಯ ಮಕ್ಕಳಿಗೆ ಮೂರೂ ಕಿವಿಗೆ ಬಿದ್ದಿರುತ್ತವೆ. ಬರುವಾಗ ಮನೆಯ ಹಿರಿಯರನ್ನು ಎರಡೇ ಪ್ರಶ್ನೆ ಕೇಳಿಕೊಂಡು ಬರಲಿ. 1948ರಲ್ಲಿ ನಮ್ಮ ಮನೆಯವರು ಎಲ್ಲಿದ್ದರು? 1956ರಲ್ಲಿ ನಮ್ಮನ್ನು ಯಾರಾದರೂ ಕೇಳಿದರಾ? ಕಪ್ಪು ಹಲಗೆಯ ಮೇಲೆ ಮೇಷ್ಟರು ತಾರೀಖನ್ನಷ್ಟೇ ಬರೆದು ಚಾಕ್‌ಪೀಸ್ ಮಕ್ಕಳ ಕೈಗೆ ಕೊಡಲಿ. ದಿನದ ಹೆಸರೇನೆಂದು ಅವರೇ ಜಗಳಾಡಿ ಬರೆಯಲಿ. ಖರ್ಚು ಎರಡು ಆಟೋದ್ದು, ಮುಖ್ಯೋಪಾಧ್ಯಾಯರಿಬ್ಬರ ರುಜು. ಬೇಸಿಗೆ ರಜೆ ಮುಗಿಯುವ ಮೊದಲೇ ಪತ್ರ ಬರೆದರೆ ಸೆಪ್ಟೆಂಬರಿಗೆ ಅನುಮತಿ ಬಂದೀತು.